ತಾಲ್ಲೂಕು ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಕೇರ್: ಹೊಸ ವಾರ್ಡ್ ಇಲ್ಲದೆ ಶುರು ಮಾಡುವುದು ಹೇಗೆ?

"ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ."

ಆಸ್ಪತ್ರೆಯಲ್ಲಿ ಕೆಲಸ ಮಾಡುವವರೆಲ್ಲ ಈ ಮಾತು ಕೇಳಿರುತ್ತಾರೆ, ಬಹಳ ಜನ ಹೇಳಿಯೂ ಇರುತ್ತಾರೆ. ನಾನೂ ಹೇಳಿದ್ದೇನೆ. ಹೇಳಿ ನಾವು ಪಕ್ಕದ ಬೆಡ್‌ಗೆ ಹೋಗಿರುತ್ತೇವೆ, ಆ ಮನೆಯವರು ಗಾಡಿ ಬಾಡಿಗೆಗೆ ದುಡ್ಡು ಎಣಿಸುತ್ತಾ ನಿಂತಿರುತ್ತಾರೆ. ಆಮೇಲೆ ಆ ರೋಗಿ ಎರಡು ತಿಂಗಳೋ ಮೂರು ತಿಂಗಳೋ ಮನೆಯಲ್ಲಿ ನರಳುತ್ತಾರಲ್ಲ, ಆ ಲೆಕ್ಕ ಯಾವ ರಿಜಿಸ್ಟರ್‌ನಲ್ಲೂ ಇರುವುದಿಲ್ಲ.

ಆ ಮಾತು ಆದಮೇಲೆ ಮೂರು ವಸ್ತು ಕೈಗೆ ಕೊಟ್ಟು ಕಳಿಸಬೇಕು: ನೋವಿನ ಮಾತ್ರೆ, ಒಂದು ಫೋನ್ ನಂಬರ್, ಮತ್ತೆ ಬರಬೇಕಾದ ತಾರೀಕು. ಇಷ್ಟಾದರೆ ನಿಮ್ಮಲ್ಲಿ ಪ್ಯಾಲಿಯೇಟಿವ್ ಕೇರ್, ಅಂದರೆ ಕಾಯಿಲೆ ವಾಸಿಯಾಗದಿದ್ದರೂ ನೋವು, ನರಳಾಟ ಕಮ್ಮಿ ಮಾಡುವ ಆರೈಕೆ, ಶುರುವಾಯಿತು ಅಂತಲೇ ಅರ್ಥ. ಸರ್ಕಾರಿ ಕಾಗದದಲ್ಲಿ ಇದನ್ನು ಉಪಶಾಮಕ ಆರೈಕೆ ಅಂತಾರೆ. ಹೆಸರು ಏನಾದರೂ ಇರಲಿ, ಇದಕ್ಕೆ ಕಟ್ಟಡ ಬೇಡ.

ಜನ ಮತ್ತು ಜಾಗ

ಒಬ್ಬ ಡಾಕ್ಟರು, ಒಬ್ಬ ನರ್ಸ್, ವಾರದಲ್ಲಿ ಅರ್ಧ ದಿನ. ಬಿಪಿ ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್‌ನ ರೂಮು ಮಧ್ಯಾಹ್ನದ ಮೇಲೆ ಖಾಲಿ ಇದ್ದರೆ ಅದೇ ಸಾಕು. ಕೇರಳದ ಕೋಯಿಕ್ಕೋಡ್‌ನಲ್ಲಿ 1993ರಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಶುರು ಮಾಡಿದ್ದೂ ಮೆಡಿಕಲ್ ಕಾಲೇಜಿನ ಹೊರರೋಗಿ ಕ್ಲಿನಿಕ್ ಆಗಿಯೇ. ಅದು ಊರೂರಿಗೆ ಹಬ್ಬಿ, 2008ರಲ್ಲಿ ರಾಜ್ಯದ ನೀತಿಯಾಗಿ, ಈಗ ಪಂಚಾಯ್ತಿಗಳೇ ಮನೆ ಭೇಟಿಯ ನರ್ಸ್ ಇಟ್ಟುಕೊಳ್ಳುವ ಮಟ್ಟಕ್ಕೆ ಬಂದಿದೆ.

ಯಾರನ್ನು ಆರಿಸಬೇಕು ಅಂದರೆ, ಆಸಕ್ತಿ ಇರುವವರನ್ನು. ರೋಸ್ಟರ್ ನೋಡಿ ಹೆಸರು ಹಾಕಿದರೆ ಮೂರೇ ತಿಂಗಳಲ್ಲಿ ಕ್ಲಿನಿಕ್ ಮುಚ್ಚುತ್ತದೆ. ಡಾಕ್ಟರನ್ನು ಮೊದಲು ತರಬೇತಿಗೆ ಕಳಿಸಿ, ಅದಿಲ್ಲದೆ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಸಿಗುವುದಿಲ್ಲ. ನರ್ಸನ್ನೂ ಕಳಿಸಿ, ಯಾಕೆಂದರೆ ಈ ಕೆಲಸದ ಮುಕ್ಕಾಲು ಪಾಲು ಮಾಡುವುದು ಅವರೇ.

ರೋಗಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಈಗಾಗಲೇ ನಿಮ್ಮ ವಾರ್ಡ್‌ನಲ್ಲೇ ಇದ್ದಾರೆ. ಕ್ಯಾನ್ಸರ್ ಒಂದೇ ಅಲ್ಲ. ಉಸಿರು ಕಟ್ಟಿ ತಿಂಗಳಿಗೊಮ್ಮೆ ಅಡ್ಮಿಟ್ ಆಗುವ ಬೀಡಿ ಸೇದಿದ ಅಜ್ಜ, ಡಯಾಲಿಸಿಸ್ ಸಾಕು ಅಂತ ಬಿಟ್ಟವರು, ಸ್ಟ್ರೋಕ್ ಆಗಿ ಹಾಸಿಗೆ ಹಿಡಿದವರು, ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋದ ಹುಡುಗ, ಎಲ್ಲರೂ ಸೇರುತ್ತಾರೆ. ಕಿದ್ವಾಯಿಯಲ್ಲಿ ಕೀಮೋ ನಡೀತಿದೆ, ಅದು ಮುಗಿಯಲಿ ಆಮೇಲೆ ನೋಡೋಣ ಅಂತ ಕಾಯಬೇಡಿ. ಚಿಕಿತ್ಸೆ ಒಂದು ಕಡೆ ನಡೆಯಲಿ, ನೋವಿಗೆ ಔಷಧಿ ಇವತ್ತೇ ಕೊಡಿ.

ಮಾರ್ಫಿನ್: ಎಲ್ಲರೂ ನಿಲ್ಲುವುದು ಇಲ್ಲೇ

ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ನಿಯಂತ್ರಣ ಕಾಯ್ದೆ, ಅಂದ ತಕ್ಷಣ ಫಾರ್ಮಸಿಯವರ ಮುಖ ಬಾಡುತ್ತದೆ. ಆ ಹೆದರಿಕೆ ಸುಮ್ನೆ ಬಂದದ್ದಲ್ಲ. 1985ರ ಕಾಯ್ದೆಯಡಿ ಹಿಂದೆಲ್ಲ ಒಂದು ಡಬ್ಬ ಮಾರ್ಫಿನ್ ತರಿಸಲು ಹಲವು ಲೈಸೆನ್ಸ್, ಹಲವು ಇಲಾಖೆ ಸುತ್ತಬೇಕಿತ್ತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಈಗ ಮಾರ್ಫಿನ್, ಫೆಂಟಾನಿಲ್ ಸೇರಿದಂತೆ ಆರು ಔಷಧಿಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ, ಒಂದೇ ಅನುಮತಿ. ನಿಮ್ಮ ಆಸ್ಪತ್ರೆ 'ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ' ಆಗಬೇಕು, ಎಲ್ಲರ ಬಾಯಲ್ಲಿ ಆರ್‌ಎಂಐ. ಅರ್ಜಿ ಹೋಗಬೇಕಾದದ್ದು ರಾಜ್ಯದ ಔಷಧ ನಿಯಂತ್ರಕರಿಗೆ. ನೋವು ನಿವಾರಣೆಯಲ್ಲಿ ತರಬೇತಿ ಪಡೆದ ಡಾಕ್ಟರ್ ಒಬ್ಬರು ಇರಬೇಕು, ಸ್ಟಾಕ್ ಬೀಗದಲ್ಲಿರಬೇಕು, ದಿನದ ಲೆಕ್ಕ ಬರೆಯಬೇಕು. ಅಷ್ಟೇ. ಪಕ್ಕದ ಜಿಲ್ಲೆಯಲ್ಲಿ ಆರ್‌ಎಂಐ ಇದ್ದರೆ ಅವರ ಅರ್ಜಿಯ ನಕಲು ತರಿಸಿಕೊಳ್ಳಿ, ನಿಮ್ಮ ಒಂದು ತಿಂಗಳು ಉಳಿಯುತ್ತದೆ.

ಕೊಡುವ ಕ್ರಮ ಕಷ್ಟವೇನಲ್ಲ, ಆದರೆ ತಪ್ಪು ಆಗುವುದೂ ಇಲ್ಲೇ ಜಾಸ್ತಿ. ಬಾಯಿಂದ ಕೊಡುವ ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಹಾಗಾಗಿ "ನೋವು ಬಂದಾಗ ತಗೊಳ್ಳಿ" ಅಂತ ಬರೆದರೆ ಆ ರೋಗಿ ದಿನವಿಡೀ ನೋವಿನ ಹಿಂದೆ ಓಡುತ್ತಾನೆ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಗಡಿಯಾರ ನೋಡಿ ಕೊಡಬೇಕು. ರಾತ್ರಿ 10ಕ್ಕೆ ಎರಡು ಪಟ್ಟು ಕೊಟ್ಟರೆ ನಡುರಾತ್ರಿ 2 ಗಂಟೆಗೆ ಯಾರೂ ಏಳಬೇಕಾಗಿಲ್ಲ. ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು, ಅಂದರೆ 10ರ ಮಾತ್ರೆ ಅರ್ಧ. ತೀರಾ ವಯಸ್ಸಾದವರಿಗೆ, ಸೊರಗಿದವರಿಗೆ ಅದರಲ್ಲೂ ಅರ್ಧ. ಕಿಡ್ನಿ ಕೆಟ್ಟವರಿಗೆ ಇನ್ನೂ ಹುಷಾರು, ಮೈಯಲ್ಲಿ ಉಳಿದುಕೊಳ್ಳುತ್ತದೆ, ಅಂತರ ಜಾಸ್ತಿ ಇಡಬೇಕು. ಜೊತೆಗೆ ಮಲ ಸಲೀಸಾಗಿ ಹೋಗುವ ಮಾತ್ರೆ ಬರೆಯಲೇಬೇಕು, ಯಾಕೆಂದರೆ ಮಲಬದ್ಧತೆ ಆಗಿಯೇ ಆಗುತ್ತದೆ ಮತ್ತು ಐದನೇ ದಿನ ಹೊಟ್ಟೆ ಉಬ್ಬಿದಾಗ ಮನೆಯವರು ನಿಲ್ಲಿಸುವುದು ಮಾರ್ಫಿನ್ನನ್ನೇ.

"ಚಟ ಹತ್ತುತ್ತಾ?" ಅಂತ ಎಲ್ಲರೂ ಕೇಳುತ್ತಾರೆ, ನಮ್ಮ ಡಾಕ್ಟರುಗಳೂ ಕೇಳುತ್ತಾರೆ. ಕ್ಯಾನ್ಸರ್ ನೋವಿಗೆ ಸರಿಯಾದ ಅಳತೆಯಲ್ಲಿ, ಕಣ್ಣಿಟ್ಟು ಕೊಟ್ಟರೆ ಹಾಗಾಗುವುದು ಅಪರೂಪ. ಮೊದಲ ಎರಡು ಮೂರು ದಿನ ತೂಕಡಿಕೆ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡಿ. ಎಷ್ಟೋ ದಿನ ನಿದ್ದೆಗೆಟ್ಟವರು ಮಲಗಿದರೆ ಅದೂ ತೂಕಡಿಕೆ ಹಾಗೇ ಕಾಣುತ್ತದೆ. ಕರೆದರೂ ಎಚ್ಚರ ಆಗದಿದ್ದರೆ, ಉಸಿರು ನಿಧಾನ ಆದರೆ ತಕ್ಷಣ ಫೋನ್ ಮಾಡಲು ಹೇಳಿ.

ನೋವು ಎಷ್ಟಿದೆ ಅಂತ ಕೇಳುವುದಕ್ಕೂ ಒಂದು ರೀತಿ ಇದೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಿದರೆ ನಮ್ಮ ಹಳ್ಳಿ ಅಜ್ಜಿ ನಮ್ಮ ಮುಖ ನೋಡುತ್ತಾಳೆ. "ಎಷ್ಟಾಣೆ ಕಮ್ಮಿ ಆಗಿದೆ ಅಜ್ಜಿ?" ಅಂತ ಕೇಳಿ. "ಎಂಟಾಣೆ ಕಮ್ಮಿ, ರಾತ್ರಿ ಮಾತ್ರ ಹಂಗೇ ಇದೆ" ಅಂತ ಲೆಕ್ಕ ಒಪ್ಪಿಸುತ್ತಾಳೆ. ಕೇಸ್ ಶೀಟ್‌ನಲ್ಲಿ ಬಿಪಿ, ಪಲ್ಸ್ ಪಕ್ಕದಲ್ಲಿ ಇದನ್ನೂ ಬರೆಯುವ ಅಭ್ಯಾಸ ವಾರ್ಡ್‌ಗೆ ಬಂದರೆ ಬಹಳ ಬದಲಾಗುತ್ತದೆ.

ಗಾಯದ ವಾಸನೆ

ಗುಟ್ಕಾ, ಎಲೆ ಅಡಿಕೆ ಹೊಗೆಸೊಪ್ಪಿನ ನಾಡು ನಮ್ಮದು, ಬಾಯಿ ಕ್ಯಾನ್ಸರ್ ಕೆನ್ನೆ ತೂತು ಮಾಡಿಕೊಂಡು ಬಂದವರು ಬಹಳ. ನೋವಿಗಿಂತ ವಾಸನೆಗೇ ಇವರು ಸೋಲುತ್ತಾರೆ. ಮನೆಯವರು ದೂರ ಕೂರುತ್ತಾರೆ, ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ. ಮೆಟ್ರೊನಿಡಜೋಲ್ ಮಾತ್ರೆ ನುಣ್ಣಗೆ ಪುಡಿ ಮಾಡಿ, ಗಾಯ ಉಪ್ಪುನೀರಲ್ಲಿ ತೊಳೆದು ಉದುರಿಸಿ. ಕೆಲವೇ ದಿನದಲ್ಲಿ ವಾಸನೆ ಇಳಿಯುತ್ತದೆ. ಇಷ್ಟು ಅಗ್ಗದ ಔಷಧಿಗೆ ಇಷ್ಟು ಫಲ ನಾನು ಬೇರೆಲ್ಲೂ ಕಂಡಿಲ್ಲ. ಬ್ಯಾಂಡೇಜ್‌ಗೆ ದುಡ್ಡಿಲ್ಲದಿದ್ದರೆ ಹಳೇ ಕಾಟನ್ ಸೀರೆ, ಪಂಚೆ ತುಂಡು ಮಾಡಿ ಕುಕ್ಕರ್‌ನಲ್ಲಿ ಹಬೆ ಹಾಯಿಸಿ ಬಳಸಬಹುದು. ರಕ್ತ ಬರುವ ಗಾಯ ಇದ್ದರೆ ಕಪ್ಪು ಅಥವಾ ಕಡುಗೆಂಪು ಟವೆಲ್ ಕೈಗೆಟಕುವಲ್ಲಿ ಇಟ್ಟಿರಲಿ. ಬಿಳಿ ಬಟ್ಟೆ ಮೇಲೆ ರಕ್ತ ನೋಡಿದರೆ ಎಲ್ಲರೂ ಕಂಗಾಲಾಗುತ್ತಾರೆ.

"ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ"

ಮಗ ಬಾಗಿಲ ಹೊರಗೇ ಹಿಡಿದು ಹೀಗಂತಾನೆ. ಅವನ ಮೇಲೆ ರೇಗಬೇಡಿ, ಹಾಗಂತ ಮಾತು ಕೊಡಲೂ ಬೇಡಿ. "ನಾನಾಗಿ ಹೇಳಲ್ಲ, ಅವರೇ ಕೇಳಿದರೆ ಸುಳ್ಳು ಹೇಳಲ್ಲ" ಅಂದುಬಿಡಿ. ಆಮೇಲೆ ಒಳಗೆ ಹೋಗಿ ಕುರ್ಚಿ ಎಳೆದು ಕೂತು, "ಕಾಯಿಲೆ ಬಗ್ಗೆ ನಿಮಗೆ ಏನನ್ನಿಸ್ತಿದೆ ಯಜಮಾನ್ರೇ?" ಅಂತ ಕೇಳಿ ಸುಮ್ಮನಿರಿ. ಬಹಳ ಸಲ ಅಪ್ಪನಿಗೆ ಎಲ್ಲಾ ಗೊತ್ತಿರುತ್ತದೆ. ಮಗ ನೊಂದುಕೊಳ್ಳುತ್ತಾನೆ ಅಂತ ಅವರೂ ಬಾಯಿ ಬಿಟ್ಟಿರುವುದಿಲ್ಲ. ಈ ಮಾತಿಗೆ ಇಪ್ಪತ್ತು ನಿಮಿಷ ಬೇಕು, ಒಪಿಡಿ ಕ್ಯೂ ಮಧ್ಯೆ ಆಗುವುದಿಲ್ಲ, ಆ ಅರ್ಧ ದಿನ ಬೇರೆಯಾಗಿ ಇಡಬೇಕು ಅಂದಿದ್ದು ಇದಕ್ಕೇ.

ಮನೆಗೆ ಹೋದ ಮೇಲೆ

ಆಶಾ ಕಾರ್ಯಕರ್ತೆಗೆ ರೋಗಿಯ ಹೆಸರು ಅದೇ ದಿನ ತಲುಪಲಿ. ಅವರ ಮೇಲೆ ಈಗಾಗಲೇ ಹತ್ತೆಂಟು ಕೆಲಸ ಇದೆ, ಇದನ್ನೂ ಸುಮ್ನೆ ಹೇರಬೇಡಿ. ವಾರಕ್ಕೊಮ್ಮೆ ನೋಡಿ ನರ್ಸ್‌ಗೆ ಫೋನ್ ಮಾಡಲಿ ಸಾಕು. ಡಿಸ್ಚಾರ್ಜ್ ಮುಂಚೆ ಮನೆಯವರ ಕೈಯಲ್ಲೇ ಎಲ್ಲಾ ಮಾಡಿಸಿ ನೋಡಿ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು, ಮೂತ್ರದ ಚೀಲ ಖಾಲಿ ಮಾಡುವುದು.

ಕೊನೆಯ ದಿನಗಳಲ್ಲಿ ಏನಾಗುತ್ತದೆ ಅಂತಲೂ ಹೇಳಿರಬೇಕು. ಊಟ ಬಿಡುತ್ತಾರೆ, ಕೈಕಾಲು ತಣ್ಣಗಾಗುತ್ತದೆ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಇದು ಗೊತ್ತಿಲ್ಲದಿದ್ದರೆ ಮಧ್ಯರಾತ್ರಿ 108ಕ್ಕೆ ಫೋನ್ ಹೋಗುತ್ತದೆ, ಮನೆಯಲ್ಲೇ ಇರಬೇಕು ಅಂದಿದ್ದ ಜೀವ ಆಂಬುಲೆನ್ಸ್‌ನಲ್ಲಿ ಹೋಗುತ್ತದೆ. ಮನೆಯಲ್ಲಿ ನೋಡಿಕೊಳ್ಳಲು ಆಗದೇ ಇರುವವರೂ ಇದ್ದಾರೆ, ಅವರಿಗಾಗಿ ನಿಮ್ಮ ವಾರ್ಡ್‌ನಲ್ಲಿ ಒಂದೆರಡು ಬೆಡ್ ಮೀಸಲಿಡಿ. ಬೆಂಗಳೂರು ಹತ್ತಿರವಾದರೆ ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ.

ತೀರಿಕೊಂಡ ಮೇಲೆ ಹನ್ನೊಂದನೇ ದಿನದ ಆಸುಪಾಸಲ್ಲಿ ನರ್ಸ್ ಒಂದು ಫೋನ್ ಮಾಡಲಿ. ಊಟ ನಿದ್ದೆ ಹೇಗಿದೆ ಅಂತ ಕೇಳಲಿ, ಉಳಿದ ಮಾರ್ಫಿನ್ ಮಾತ್ರೆ ಯಾರಿಗೂ ಕೊಡದೆ ವಾಪಸ್ ತನ್ನಿ ಅಂತಲೂ ನೆನಪಿಸಲಿ. ತಂದು ಕೊಟ್ಟಾಗ ಅವರ ಎದುರಿಗೇ ಎಣಿಸಿ ರಿಜಿಸ್ಟರ್‌ಗೆ ಬರೆಯಿರಿ, ಕೂರಿಸಿ ಟೀ ಕೊಡಿ.