ನನ್ನ ದುಷ್ಟ ರಾಜ್ಯಕ್ಕೆ ನೆಲ ಹುಡುಕಿದ್ದು

ಎರಡು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೀತಿದೀನಿ. ಅದರಲ್ಲೊಂದು ದುಷ್ಟ ರಾಜ್ಯ ಬರುತ್ತೆ, ಮೊದಲನೇ ಡ್ರಾಫ್ಟಲ್ಲಿ ಕಪ್ಪು ಕೋಟೆ, ಕಪ್ಪು ಮೋಡ, ತಲೆಬುರುಡೆ ಎಲ್ಲಾ ಇಟ್ಟಿದ್ದೆ. ತಂಗಿ ಓದಿ, "ಅಣ್ಣಾ, ಇಷ್ಟೊಂದು ಸೈನಿಕರಿದಾರಲ್ಲ, ಇವರೆಲ್ಲ ಊಟಕ್ಕೇನ್ ಮಾಡ್ತಾರೆ?" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಅವತ್ತಿಂದ ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರೀಲಿ ಮಾರ್ಡರ್ ಅನ್ನೋ ದುಷ್ಟ ರಾಜ್ಯ ಬರೋ ಭಾಗಗಳನ್ನ ಮತ್ತೆ ಓದಿದೆ, ಈ ಸಲ ಕಥೆಗಲ್ಲ, ನೆಲ ಹೆಂಗಿದೆ ಅಂತ ನೋಡೋಕೆ. ತಂಗಿ ಕೇಳಿದ್ದಕ್ಕೆ ಅಲ್ಲಿ ಉತ್ತರ ಇದೆ! ದಕ್ಷಿಣದ ಕಡೆ ನೂರ್ನೆನ್ ಅನ್ನೋ ಸರೋವರ, ಅದರ ಹತ್ರ ಗುಲಾಮರು ದುಡಿಯೋ ಹೊಲಗಳು, ಸೈನ್ಯಕ್ಕೆ ಅನ್ನ ಅಲ್ಲಿಂದ. ಒಂದೆರಡು ಸಾಲಲ್ಲಿ ಮುಗಿಯುತ್ತೆ, ಆದ್ರೆ ಆ ಸಾಲಿಂದ್ಲೇ ಇಡೀ ರಾಜ್ಯ ನಿಜ ಅನ್ಸುತ್ತೆ.

ಅದಕ್ಕಿಂತ ಹೆಚ್ಚು ಕಾಡಿದ್ದು ಮಾರ್ಡರ್ ದಾರೀಲಿ ಸಿಗೋ ಸತ್ತವರ ಜೌಗು, ನೀರೊಳಗೆ ಹೆಣಗಳ ಮುಖ ಕಾಣೋ ಜಾಗ. ಇದರ ಹಿಂದೆ ಒಂದು ನಿಜವಾದ ಯುದ್ಧ ಇದೆ. ಮೊದಲನೇ ಮಹಾಯುದ್ಧದಲ್ಲಿ, 1916ರ ಜುಲೈ 1ಕ್ಕೆ ಫ್ರಾನ್ಸಿನ ಸೊಮ್‌ನಲ್ಲಿ ಯುದ್ಧ ಶುರುವಾಯ್ತು, ಆ ಒಂದೇ ದಿನ ಬ್ರಿಟಿಷ್ ಸೈನ್ಯದ 19,000ಕ್ಕೂ ಹೆಚ್ಚು ಜನ ಸತ್ರು, ಅದರಲ್ಲಿ ಟೋಲ್ಕಿನ್ ಅವರ ಸ್ಕೂಲ್ ಗೆಳೆಯ ಒಬ್ಬರೂ ಇದ್ರು, ಟೋಲ್ಕಿನ್ ಅದೇ ಯುದ್ಧದಲ್ಲಿ ಸಿಗ್ನಲ್ ಆಫೀಸರ್ ಆಗಿದ್ದು ಕೊನೆಗೆ ಹೇನಿಂದ ಹರಡೋ ಟ್ರೆಂಚ್ ಜ್ವರ ಬಂದು ನವೆಂಬರಲ್ಲಿ ಇಂಗ್ಲೆಂಡಿಗೆ ವಾಪಸ್ ಬಂದ್ರು. ಸೊಮ್ ಯುದ್ಧ ಆದ್ಮೇಲಿನ ಉತ್ತರ ಫ್ರಾನ್ಸಿನ ನೆಲಕ್ಕೆ ಈ ಜೌಗು ಸ್ವಲ್ಪ ಋಣಿ ಅಂತ 1960ರ ಒಂದು ಕಾಗದದಲ್ಲಿ ಅವರೇ ಬರ್ದಿದಾರೆ. ಹಂಗಂತ ಇಡೀ ಕಥೇನ ಎರಡನೇ ಮಹಾಯುದ್ಧಕ್ಕೆ ಹೊಂದಿಸಿ ಓದೋದನ್ನ ಅವರು ಒಪ್ಪಲಿಲ್ಲ. ಇದು ನನಗೆ ತುಂಬಾ ಮುಖ್ಯ ಅನ್ಸ್ತು. ನೋಡಿದ ನೆಲ ಕಥೆಗೆ ಬರೋದೇ ಬೇರೆ, ಕಥೆಯ ಇವನು ಅಂದ್ರೆ ನಿಜದ ಅವನೇ ಅಂತ ಲೆಕ್ಕ ಹಾಕೋದೇ ಬೇರೆ.

ನಾನು ಸೊಮ್ ನೋಡಿಲ್ಲ, ಹಾಗಾಗಿ ಕೋಲಾರದ ಚಿನ್ನದ ಗಣಿ ಊರು ಕೆಜಿಎಫ್‌ಗೆ ಹೋದೆ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದು ಆದ ಸೈನೈಡ್ ದಿಬ್ಬ ದೂರದಿಂದ ಮಾಮೂಲಿ ಗುಡ್ಡ ಥರ ಕಾಣುತ್ತೆ, ಹತ್ರ ಹೋದ್ರೆ ಮಳೆ ನೀರು ಕೊರೆದ ಸಾಲುಗಳು, ಹಿಟ್ಟಿನಂಥ ಮಣ್ಣು, ಗಾಳಿ ಬಂದ್ರೆ ಹಲ್ಲಲ್ಲಿ ಕರಕರ ಅನ್ನುತ್ತೆ. ಟೀ ಅಂಗಡೀಲಿ ಸಿಕ್ಕ ಹಿರಿಯರೊಬ್ಬರು "ಕೆಳಗೆ ಕಲ್ಲೇ ಸುಡ್ತಿತ್ತು ಸಾರ್" ಅಂದ್ರು. ಗಣಿ 3 ಕಿಲೋಮೀಟರ್‌ಗಿಂತ ಆಳ ಇತ್ತು, ಅಲ್ಲಿ ಬಂಡೆ ಬಿಸಿ 60 ಡಿಗ್ರಿ ದಾಟ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು ಮೊದಲು ಈ ಗಣಿಗೆ, ಬೆಂಗಳೂರಿನ ಬೀದಿಗೆ ಬಂದಿದ್ದು 1905ರಲ್ಲಿ. 2001ರಲ್ಲಿ ಗಣಿ ಮುಚ್ತು, ದಿಬ್ಬ ಇನ್ನೂ ಅಲ್ಲೇ ಇದೆ.

ಆದ್ರೆ ಅಲ್ಲಿ ಜನ ಇದಾರೆ, ಮಕ್ಕಳು ಸ್ಕೂಲಿಗೆ ಹೋಗ್ತಾರೆ, ಅವರ ಊರನ್ನ ರಾಕ್ಷಸರ ಊರು ಮಾಡೋಕೆ ನನಗೆ ಮನಸ್ಸು ಬರ್ಲಿಲ್ಲ. ನಾನು ತಗೊಂಡಿದ್ದು ಅಲ್ಲಿನ ಲೆಕ್ಕಾಚಾರ ಮಾತ್ರ: ಬೆಳಕು ಯಾವ ಕಡೆಗೆ ಹೋಗುತ್ತೆ, ಧೂಳು ಯಾರ ಮನೆ ಮೇಲೆ ಬೀಳುತ್ತೆ, ಅಗೆದಿದ್ದು ಖಾಲಿ ಆದ್ಮೇಲೆ ಯಾರು ಉಳೀತಾರೆ. ಬರೆಯೋ ಮುಂಚೆ ಈ ಮೂರನ್ನೂ ಒಂದು ಹಾಳೆ ಮೇಲೆ ಮ್ಯಾಪ್ ಥರ ಹಾಕೊಂಡೆ, ಆಮೇಲೆ ತಲೆಬುರುಡೆ ಬೇಕೇ ಆಗ್ಲಿಲ್ಲ.

ಹೊಸ ಅಧ್ಯಾಯ ತಂಗಿಗೆ ಕಳಿಸಿದೀನಿ. ಅದರಲ್ಲಿ ಕೋಟೆ ಕಾಣೋದು ಏಳನೇ ಪುಟಕ್ಕೆ, ಅಲ್ಲೀವರೆಗೂ ಬೆಳಗಿನ ಜಾವ ಧಾನ್ಯ ಹೇರ್ಕೊಂಡು ಕೋಟೆ ಕಡೆ ಹೋಗ್ತಿರೋ ಗಾಡಿಗಳೇ.