ವೊಕಲಾಯ್ಡ್ ಹುಚ್ಚನ್ನು ಬೇರೆಯವ್ರಿಗೆ ಅಂಟಿಸುವ ಹಾಗೆ ಬರೆಯುದು ಹೇಗೆ

ಮೊದಲಿಗೇ ಹೇಳ್ತೇನೆ, ಸಾಫ್ಟ್‌ವೇರ್‌ನಿಂದ ಶುರು ಮಾಡ್ಬೇಡಿ. ಹೆಚ್ಚಿನವ್ರು "ವೊಕಲಾಯ್ಡ್ ಅಂದ್ರೆ ಯಮಾಹಾ ತಯಾರು ಮಾಡಿದ ಸಿಂಗಿಂಗ್ ಸಿಂಥಸೈಸರ್, ಟ್ಯೂನು ಸಾಹಿತ್ಯ ಕೊಟ್ರೆ ಹಾಡುವ ಸಾಫ್ಟ್‌ವೇರ್" ಅಂತ ಹೊರಡ್ತಾರೆ (ಬೈಕಿನ ಯಮಾಹಾ ಅಲ್ಲ ಮಾರಾಯ್ರೆ, ಕೀಬೋರ್ಡಿನ ಯಮಾಹಾ), ಆಮೇಲೆ 2004ರಲ್ಲಿ ಮೊದಲ ವಾಯ್ಸ್ ಬಂತು, 2007ರ ಆಗಸ್ಟ್ 31ಕ್ಕೆ ಹತ್ಸುನೆ ಮಿಕು (ಹುಡುಗಿಯ ಚಿತ್ರ ಇರುವ ವಾಯ್ಸ್) ಬಂದ್ಳು, ಸಪ್ಪೊರೊದ ಕ್ರಿಪ್ಟನ್ ಕಂಪೆನಿಯವ್ರು ತಂದದ್ದು ಅಂತೆಲ್ಲ ಎರಡು ಪ್ಯಾರಾ. ಎಲ್ಲ ಸರಿಯೇ, ಆದ್ರೆ ಸ್ಟೇಟ್‌ಬ್ಯಾಂಕಲ್ಲಿ ಬಸ್ ಹತ್ತಿ ಮೊಬೈಲ್ ನೋಡ್ತಾ ಕೂತವ್ನು ಹಂಪನಕಟ್ಟೆ ಬರುವ ಮೊದ್ಲೇ ಅದನ್ನು ಮೇಲೆ ತಳ್ಳಿಯಾಗಿರ್ತದೆ. ಇತಿಹಾಸ ಅವ್ನಿಗೆ ಬೇಡ, ಯಾಕೆ ಕೇಳ್ಬೇಕು ಅಂತ ಬೇಕು.

ಹಾಗಾಗಿ ಒಂದೇ ಒಂದು ಪದ್ಯ ತಕೊಳ್ಳಿ. ಅದ್ರಲ್ಲೂ ಒಂದು ಜಾಗ. "ಸೂಪರ್, ಗೂಸ್‌ಬಂಪ್ಸ್" ಅಂತ ಬರೆದ್ರೆ ಯಾರಿಗೂ ಎಂತದೂ ಗೊತ್ತಾಗುದಿಲ್ಲ. ಇಯರ್‌ಫೋನ್ ಹಾಕಿ, ಕಣ್ಣು ಮುಚ್ಚಿ, ಎಲ್ಲಿ ನಿಮ್ಗೆ ಜುಂ ಅಂತದೆ ಅಂತ ಹಿಡೀರಿ, ಅಲ್ಲಿ ಎಂತ ನಡೀತಾ ಉಂಟು ಅಂತ ಬರೀರಿ. ಕಾಸ್ಮೊ ಅಂತ ಒಬ್ರು ಮಿಕುವಿಗೆ ಮಾಡಿದ "ಹತ್ಸುನೆ ಮಿಕು ನೋ ಶೋಶಿತ್ಸು" ನೋಡಿ. 240 ಬಿಪಿಎಂ, ಅಂದ್ರೆ ನಿಮಿಷಕ್ಕೆ 240 ಬೀಟ್, ಅಕ್ಷರಗಳು ಆಟಿಯ ಮಳೆ ಶೀಟಿನ ಮೇಲೆ ಬಿದ್ದ ಹಾಗೆ ಬೀಳ್ತವೆ, ಮನುಷ್ಯರ ನಾಲಿಗೆಗೆ ಕಷ್ಟ. ಯಾಕೆ ಹಾಗೆ? ಮಿಕುವಿಗೆ ಉಸಿರು ತಕೊಳ್ಳುವ ಅಗತ್ಯ ಇಲ್ಲ. ಹಾಡುವವ್ರಿಗೆ ದಮ್ಮು ಬೇಕು ಅಂತ ಸಂಗೀತ ಮಾಡುವವ್ರು ಸಾಲಿನ ಕೊನೆಗೆ ಚೂರು ಜಾಗ ಬಿಡ್ತಾರಲ್ಲ, ಇಲ್ಲಿ ಬಿಡದಿದ್ರೂ ನಡೀತದೆ. ಮೇಲಿನ ಸ್ವರದಿಂದ ಕೆಳಗಿಗೆ ಒಮ್ಮೆಗೇ ಹಾರಿದ್ರೂ ಗಂಟಲು ಕಟ್ಟುದಿಲ್ಲ. ಆದ್ರೂ ಅದೇ ಪದ್ಯವನ್ನು ಮನುಷ್ಯರು ಹಾಡ್ಲಿಕ್ಕೆ ಹೋಗ್ತಾರೆ, ಜಪಾನಲ್ಲಿ ಅವ್ರಿಗೆ ಉತಾಯಿತೆ ಅಂತಾರೆ. ಎರಡನ್ನೂ ಹತ್ರ ಹತ್ರ ಇಟ್ಟು ಕೇಳಿಸಿ, ಎಲ್ಲಿ ಮನುಷ್ಯ ಉಸಿರು ಕದ್ದ ಅಂತ ತೋರ್ಸಿ. ಇಂತಾದ್ದು ಬರೆದ್ರೆ ಅನಿಮೆ ಗಂಧಗಾಳಿ ಇಲ್ಲದವ್ರೂ "ಹೌದಾ, ಎಲ್ಲಿ ನೋಡುವ" ಅಂತ ಲಿಂಕ್ ಒತ್ತುತ್ತಾರೆ.

ಇನ್ನು, ಪದ್ಯ ಮಾಡಿದವ್ರ ಹೆಸರು ಹಾಕದೆ ಬರೀಬೇಡಿ. ಇದಂತೂ ನಂಗೆ ಭಯಂಕರ ಪಿರಿಪಿರಿ. "ಮಿಕುವಿನ ಹೊಸ ಪದ್ಯ" ಅಂತಾರೆ, ಮಿಕು ಎಂತ ಕೂತು ಬರೆದ್ಳಾ? ನಮ್ಮ ಊರಲ್ಲಿ ಇದನ್ನು ಅರ್ಥ ಮಾಡಿಸ್ಲಿಕ್ಕೆ ಸುಲಭ ಉಂಟು, ಯಕ್ಷಗಾನ ಹಿಡೀರಿ. ಕುಣಿಯುದು ವೇಷಧಾರಿ, ಪದ್ಯ ಹೇಳುದು ಭಾಗವತರು, ಪದ್ಯ ಬರೆದದ್ದು ಪ್ರಸಂಗಕರ್ತ, ದೂರದಿಂದ ನೋಡುವ ಮಗುವಿಗೆ ಕಾಣುದು ಕಿರೀಟ ಮಾತ್ರ. ಮಿಕು ಆ ಕಿರೀಟ. ಚಿತ್ರ ಬಿಡಿಸಿದ್ದು ಕೇಯಿ, ಸ್ವರ ಕೊಟ್ಟದ್ದು ಫುಜಿತಾ ಸಾಕಿ ಅಂತ ಒಬ್ಬ ವಾಯ್ಸ್ ಆಕ್ಟ್ರೆಸ್, ಆದ್ರೆ ಟ್ಯೂನು, ಸಾಹಿತ್ಯ, ಆ ಸ್ವರವನ್ನು ಎಲ್ಲಿ ಎಳೀಬೇಕು ಎಲ್ಲಿ ನಡುಗಿಸ್ಬೇಕು ಅಂತ ರಾತ್ರಿ ಕೂತು ತಿದ್ದಿದ್ದು ಪ್ರೊಡ್ಯೂಸರ್. ಅವ್ರನ್ನೇ ವೊಕಲೊ-ಪಿ ಅನ್ನುದು. ಈಗ ಜಪಾನಿನ ದೊಡ್ಡ ಸ್ಟಾರ್ ಆದ ಯೊನೆಝು ಕೆನ್ಶಿ ಮೊದ್ಲು ಹಚಿ ಅಂತ ಹೆಸ್ರಿಟ್ಟು ಮಿಕುವಿಗೆ ಪದ್ಯ ಮಾಡ್ತಿದ್ದವ್ರೇ, ಯೊಆಸೊಬಿ ಅನ್ನುವ ಜಪಾನಿ ಸಂಗೀತ ಜೋಡಿಯ ಆಯಾಸೆ ಕೂಡ ಹಾಗೆ ಬಂದವ್ರು. ಯೊಆಸೊಬಿ ಕೇಳುವವ್ರು ಮಣಿಪಾಲದ ಹಾಸ್ಟೆಲಲ್ಲಿ ಬೇಕಾದಷ್ಟು ಸಿಗ್ತಾರೆ, ಅವ್ರಿಗೆ ಈ ದಾರಿಯಲ್ಲೇ ಬರೀರಿ.

ಒಬ್ರಾದ್ರೂ ಕೇಳಿಯೇ ಕೇಳ್ತಾರೆ, "ಇದು ಎಐ ಅಲ್ವಾ?" ಸಿಟ್ಟು ಮಾಡ್ಬೇಡಿ, ಮೊದ್ಲೇ ಎರಡು ಸಾಲು ಬರೆದಿಡಿ. 2007ರ ಮಿಕು ಅಂದ್ರೆ ರೆಕಾರ್ಡ್ ಮಾಡಿದ ಸ್ವರದ ತುಂಡುಗಳನ್ನು ಜೋಡ್ಸುವ ಕೆಲ್ಸ, ಒಂದೊಂದು ಸ್ವರ ಒಂದೊಂದು ಅಕ್ಷರ ಮನುಷ್ಯರೇ ಕೂರಿಸ್ಬೇಕು. ಈಗಿನ ಸಿಂಥಸೈಸರ್ ವಿ ತರದ ಬೇರೆ ಹಾಡುವ ಸಾಫ್ಟ್‌ವೇರಲ್ಲಿ ಎಐ ಉಂಟು, ಅದನ್ನು ಮುಚ್ಚಿಡ್ಬೇಡಿ, ಆದ್ರೆ ಅಲ್ಲಿಯೂ ಪದ್ಯ ಮನುಷ್ಯರು ಬರೆದು ಕೊಟ್ಟ ಮೇಲೆಯೇ ಹಾಡುದು. ಕಾಸಾನೆ ತೆತೊ ಕತೆ ಇಲ್ಲಿ ಚಂದ ಕೂರ್ತದೆ: 2008ರ ಏಪ್ರಿಲ್ ಫೂಲಿಗೆ ಜನ ತಮಾಷೆಗೆ ಹುಟ್ಟಿಸಿದ ಸುಳ್ಳು ವೊಕಲಾಯ್ಡ್, ಆಮೇಲೆ ಉತಾವು ಅನ್ನುವ ಫ್ರೀ ಸಾಫ್ಟ್‌ವೇರಲ್ಲಿ ನಿಜವಾಗಿ ಹಾಡಿದ್ಳು, 2023ರಲ್ಲಿ ಸಿಂಥಸೈಸರ್ ವಿಗೂ ಬಂದ್ಳು. ಹಾಗೇ ಕನ್ಸರ್ಟ್ ಬಗ್ಗೆ ಬರೆಯುದಾದ್ರೆ ಹೊಲೊಗ್ರಾಮ್ ಅನ್ಬೇಡಿ, ಅದು ಹೆಚ್ಚಾಗಿ ಪಾರದರ್ಶಕ ಸ್ಕ್ರೀನಿನ ಮೇಲೆ ಬಿಡುವ ಪ್ರೊಜೆಕ್ಷನ್.

ಸಾಹಿತ್ಯದ ಬಗ್ಗೆ. ಪೂರ್ತಿ ಸಾಹಿತ್ಯ ಕಾಪಿ ಮಾಡಿ ಹಾಕ್ಬೇಡಿ, ಅದು ಅವ್ರ ಸೊತ್ತು, ಮತ್ತೆ ಯಾರೂ ಓದುದೂ ಇಲ್ಲ. ಪದ್ಯ ಎಂತ ಹೇಳ್ತದೆ ಅಂತ ನಿಮ್ಮ ಮಾತಲ್ಲಿ ಹೇಳಿ. ಟ್ರಾನ್ಸ್‌ಲೇಟ್ ಆ್ಯಪ್ ನಂಬಿ ಹೇಳಿದ್ರೆ ಕೆಟ್ಟೋಗ್ತದೆ, ಎರಡು ಮೂರು ಅನುವಾದ ಹೋಲ್ಸಿ ನೋಡಿ, ಯಾರದ್ದಾದ್ರೂ ಬಳ್ಸಿದ್ರೆ ಹೆಸರು ಹಾಕಿ. ಟ್ಯೂನು ಕುಣಿಯುವ ಹಾಗೆ ಇದ್ದು ಒಳಗೆ ಭಾರೀ ಬೇಜಾರಿನ ವಿಷಯ ಇರುವ ಪದ್ಯ ತುಂಬ ಉಂಟು, ಸಾಯುವ ಮಾತು ಬಂದ್ರೆ ಮೊದ್ಲೇ ಒಂದು ಸಾಲು ಎಚ್ಚರಿಕೆ ಹಾಕಿ.

ಹೆಸರನ್ನು ಕನ್ನಡದಲ್ಲಿ ಬರೀರಿ, ಪಕ್ಕ ಜಪಾನಿ ಲಿಪಿಯಲ್ಲೂ ಅಂಟಿಸಿ, ಇಲ್ಲದಿದ್ರೆ ಹುಡುಕಿದವ್ರಿಗೆ ಸಿಗುದು ಯಾರೋ ಕದ್ದು ಹಾಕಿದ ವಿಡಿಯೊ. ಪ್ರೊಡ್ಯೂಸರ್ ಸ್ವಂತ ಚಾನಲಿನ ಲಿಂಕೇ ಕೊಡಿ.

ಮನೆಯವ್ರಿಗೆ ಬರೆಯುದಾದ್ರೆ ಬೇರೆ ಲೆಕ್ಕ. ಅಮ್ಮನಿಗೆ ಮಿಕುವಿನ ಹೈ ಪಿಚ್ ಕೇಳ್ಸಿದ್ರೆ "ಎಂತದಾ ಅದು ಬೊಬ್ಬೆ, ಮೊದ್ಲು ಬಂದ್ ಮಾಡು" ಅಂತಾರೆ, ಅವ್ರಿಗೆ ಮೆಗುರಿನೆ ಲೂಕಾ ಅನ್ನುವ ಇನ್ನೊಂದು ವೊಕಲಾಯ್ಡ್ ಇಡಿ, ಸ್ವರ ಚೂರು ದಪ್ಪ, ತಗ್ಗು. 2009ರ "ಜಸ್ಟ್ ಬಿ ಫ್ರೆಂಡ್ಸ್" ಒಳ್ಳೇ ಶುರು. ಫ್ಯಾಮಿಲಿ ಗ್ರೂಪಿಗೆ ಮೂರು ಸಾಲು ಸಾಕು, ಉದ್ದದ್ದು ಕಾಲೇಜ್ ಮ್ಯಾಗಝಿನಿಗೆ ಇಟ್ಕೊಳ್ಳಿ.

ಯಾರಾದ್ರೂ ಓದಿ "ಇನ್ನೊಂದು ಹೇಳು" ಅಂದ್ರೆ ಖುಷಿಯಲ್ಲಿ ಇಡೀ ಪ್ಲೇಲಿಸ್ಟ್ ಕಳ್ಸಬೇಡಿ. ಅವ್ರಿಗೆ ಮೊದಲಿನದ್ರಲ್ಲಿ ಎಂತ ಹಿಡಿಸ್ತು ಅಂತ ಕೇಳಿ, ಸ್ಪೀಡಾ, ಸ್ವರವಾ, ಕತೆಯಾ, ಅದಕ್ಕೆ ಸರಿಯಾಗಿ ಒಂದೇ ಒಂದು ಕಳ್ಸಿ.