ತಕ್ಕಡಿ, ದಿಮ್ಮಿ, ಏರು: ಮೂರು ಎಟಿವಿಗಳ ಕಸುವನ್ನು ನಾನು ಅಳೆದ ಬಗೆ

ತೂಕದ ಯಂತ್ರದಿಂದ ಎಟಿವಿಯ, ಅಂದರೆ ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಗಾಡಿಯ, ಹಾರ್ಸ್‌ಪವರ್ ಅಳೆಯುತ್ತೇನೆ ಎಂದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ನಂಬಲಿಲ್ಲ. ಮೂವತ್ತು ವರ್ಷ ಎಂಜಿನ್ ಬಿಚ್ಚಿದ ಹಿರಿಯ ಮೆಕ್ಯಾನಿಕ್ ಒಬ್ಬರು, "ಡೈನೊ (ಕಸುವು ಅಳೆಯುವ ಯಂತ್ರ) ಇಲ್ಲದೆ ಬರುವ ಅಂಕಿ ಬರೀ ಊಹೆ, ಸುಮ್ಮನೆ ಪೆಟ್ರೋಲ್ ಸುಡಬೇಡಿ" ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಮೊದಲ ಎಂಟು ತಿಂಗಳು ನಾನು ಸುಟ್ಟಿದ್ದು ಪೆಟ್ರೋಲ್ ಮಾತ್ರವಲ್ಲ, ಎಂಜಿನ್ನಿನ ಕಸುವನ್ನು ಚಕ್ರದ ಕಡೆಗೆ ಸಾಗಿಸುವ ಎರಡು ಬೆಲ್ಟ್ ಕೂಡ.

ನನ್ನ ಪ್ರಶ್ನೆ ಸರಳವಾಗಿತ್ತು. ಹೊರೆ ಎಳೆಯುವ ಕೆಲಸಕ್ಕೆ 420, 570, 700 ಸಿಸಿ ವರ್ಗಗಳ ನಡುವೆ ನಿಜವಾಗಿ ಎಷ್ಟು ಅಂತರವಿದೆ? ಬಾನೆಟ್ ಮೇಲಿನ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಯಮಹಾ ಗ್ರಿಜ್ಲಿ 700ರ ಎಂಜಿನ್ 686 ಸಿಸಿ, ಸುಜುಕಿ ಕಿಂಗ್‌ಕ್ವಾಡ್ 750ರದ್ದು 722. ಹೋಂಡಾ ರಾಂಚರ್ 420 ಮಾತ್ರ ಹೆಸರಿಗೆ ತಕ್ಕಂತೆ 420. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570ಕ್ಕೆ ಕಂಪನಿ 44 ಹಾರ್ಸ್‌ಪವರ್ ಎಂದು ಬರೆಯುತ್ತದೆ. ಆದರೆ ಅದು ಎಂಜಿನ್ನಿನ ಲೆಕ್ಕ. ದಿಮ್ಮಿಯನ್ನು ಎಳೆಯುವುದು ಚಕ್ರ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಸಮತಟ್ಟಾದ ದಾರಿಯಲ್ಲಿ ಎರಡು ಗಾಡಿಗಳನ್ನು ಪಕ್ಕಪಕ್ಕ ನಿಲ್ಲಿಸಿ ಓಡಿಸಿದೆವು. ಸವಾರರನ್ನು ಅದಲುಬದಲು ಮಾಡಿದ ಕೂಡಲೇ ಫಲಿತಾಂಶವೂ ಅದಲುಬದಲಾಯಿತು. ನಾವು ಅಳೆದದ್ದು ಆಕ್ಸಿಲರೇಟರ್ ಒತ್ತುವ ಹೆಬ್ಬೆರಳಿನ ಚುರುಕನ್ನು, ಎಂಜಿನ್ನನ್ನಲ್ಲ. ಆಮೇಲೆ ಎರಡು ಹೊಸ ಟೈರ್‌ಗಳ ಬೆಲೆ ಕೊಟ್ಟು ಒಂದು ಜಿಪಿಎಸ್ ದಾಖಲೆ ಯಂತ್ರ ಕೊಂಡೆ. ಅದು ಸೆಕೆಂಡಿಗೆ ಒಂದೇ ಸಲ ವೇಗ ಬರೆದುಕೊಳ್ಳುತ್ತಿತ್ತು. ಆರು ಸೆಕೆಂಡಿನ ಓಟಕ್ಕೆ ಆರು ಚುಕ್ಕೆ ಇಟ್ಟುಕೊಂಡು ಏನು ತೀರ್ಮಾನಿಸುವುದು? ಆ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಗರಿಷ್ಠ ವೇಗ ನೋಡುವುದಕ್ಕೆ ಮಾತ್ರ ಈಗಲೂ ಅದನ್ನು ಬಳಸುತ್ತೇನೆ.

ಬೆಲ್ಟ್ ಸುಟ್ಟದ್ದು ಟ್ರೇಲರ್ ಪ್ರಯೋಗದಲ್ಲಿ. 570ಕ್ಕೆ ತುಂಬಿದ ಟ್ರೇಲರ್ ಕಟ್ಟಿ, ಹೈ ಗೇರ್‌ನಲ್ಲೇ ಆಮೆ ನಡಿಗೆಯಲ್ಲಿ ಏರು ಹತ್ತಿಸಿದೆ. ನಿಧಾನದ ಓಟದಲ್ಲಿ ಕ್ಲಚ್ ಬೆಲ್ಟನ್ನು ಪೂರ್ತಿ ಕಚ್ಚುವುದಿಲ್ಲ. ಬೆಲ್ಟ್ ಜಾರುತ್ತದೆ, ಜಾರಿದಷ್ಟೂ ಕಾಯುತ್ತದೆ. ಇದು ಗೊತ್ತಿದ್ದೂ ಲೋ ಗೇರ್ ಹಾಕದೆ ಹಟ ಮಾಡಿದ್ದು ನನ್ನದೇ ತಪ್ಪು. ಮೊದಲ ಬೆಲ್ಟ್ ಹೋದಾಗ ಹಳೆಯದಾಗಿತ್ತು ಎಂದು ಸಮಾಧಾನ ಮಾಡಿಕೊಂಡೆ. ಎರಡನೆಯದು ಮೂರು ವಾರ ಹಿಂದೆಯಷ್ಟೇ ಹಾಕಿದ್ದು. ಎರಡಕ್ಕೂ ಸೇರಿ ಹೋದ ಹಣದಲ್ಲಿ ಎರಡು ತಿಂಗಳು ಗಾಡಿ ಓಡಿಸಬಹುದಿತ್ತು.

ಕೊನೆಗೆ ಕೈ ಹಿಡಿದದ್ದು ಹಳೆಯ ಲೆಕ್ಕವೇ. 75 ಕೆಜಿ ಬಲದ ಎಳೆತವನ್ನು ಸೆಕೆಂಡಿಗೆ ಒಂದು ಮೀಟರ್ ಸಾಗಿಸಿದರೆ ಒಂದು ಮೆಟ್ರಿಕ್ ಹಾರ್ಸ್‌ಪವರ್. ಎಳೆತ ಗೊತ್ತಿರಬೇಕು, ದೂರ ಗೊತ್ತಿರಬೇಕು, ಸಮಯ ಗೊತ್ತಿರಬೇಕು. ಬೇರೇನೂ ಬೇಡ.

ನಾಲ್ಕಕ್ಕೆ ಒಂದರಂತೆ ಏರುವ ಗಟ್ಟಿ ಮಣ್ಣಿನ ದಾರಿಯೊಂದನ್ನು ಹುಡುಕಿ 60 ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟೆ. ಸವಾರನನ್ನೂ ಮರಳಿನ ಚೀಲಗಳನ್ನೂ ಸೇರಿಸಿ ಮೂರೂ ಗಾಡಿಗಳ ತೂಕವನ್ನು 440 ಕೆಜಿಗೆ ಸರಿಗಟ್ಟಿದೆ. ಹಿಂದೆ ಒಂದು ದಿಮ್ಮಿ ಕಟ್ಟಿದೆ. ಟ್ರೇಲರ್ ಬಿಟ್ಟು ದಿಮ್ಮಿ ಯಾಕೆಂದರೆ, ಗಾಡಿ ನಿಂತರೆ ದಿಮ್ಮಿಯೂ ನಿಲ್ಲುತ್ತದೆ, ಹಿಂದಕ್ಕೆ ಎಳೆದುಕೊಂಡು ಹೋಗುವುದಿಲ್ಲ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ದಿಮ್ಮಿಯ ಸಮೇತ ಮೇಲಿನಿಂದ ಹಗ್ಗ ಸುತ್ತುವ ವಿಂಚ್‌ನಲ್ಲಿ ನಿಧಾನವಾಗಿ ಎಳೆಸಿ, ನಡುವೆ ಕೊಕ್ಕೆಯ ತೂಕದ ಯಂತ್ರ ಸೇರಿಸಿದೆ. ಅದು ಸುಮಾರು 245 ಕೆಜಿ ತೋರಿಸಿತು. ಏರಿನ ಕೋನ, ಟೈರಿನ ತಡೆ, ದಿಮ್ಮಿಯ ಉಜ್ಜಾಟ ಎಲ್ಲವೂ ಆ ಒಂದೇ ಅಂಕಿಯೊಳಗೆ ಬಂದವು. ಬೇರೆ ಬೇರೆಯಾಗಿ ಲೆಕ್ಕ ಹಾಕುವ ಗೋಜೇ ಇಲ್ಲ. ಈ ಉಪಾಯ ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೂ ಮೊದಲ ದಿನದ ಅಂಕಿಗಳೆಲ್ಲ ಹಾಳಾದವು. ಸಂಜೆ ಕೊನೆಗೆ ಓಡಿಸಿದ 420 ಏರನ್ನು 8.8 ಸೆಕೆಂಡಿನಲ್ಲಿ ಹತ್ತಿ 22 ಹಾರ್ಸ್‌ಪವರ್ ದಾಟಿತು. ನನಗೆ ಅನುಮಾನ ಬಂದು ಮತ್ತೆ ವಿಂಚ್ ಕಟ್ಟಿ ನೋಡಿದೆ: 245 ಇದ್ದದ್ದು 225ಕ್ಕೆ ಇಳಿದಿತ್ತು. ಇಡೀ ದಿನ ಎಳೆದ ದಿಮ್ಮಿ ತನ್ನ ದಾರಿಯನ್ನು ತಾನೇ ನುಣುಪು ಮಾಡಿಕೊಂಡಿತ್ತು. ಅಂದಿನಿಂದ ಪ್ರತಿ ಮೂರು ಓಟಕ್ಕೊಮ್ಮೆ ಎಳೆತವನ್ನು ಹೊಸದಾಗಿ ಅಳೆಯುತ್ತೇನೆ. ಸ್ಟಾಪ್‌ವಾಚನ್ನೂ ಬಿಟ್ಟೆ. ಕೈಬೆರಳು 0.2 ಸೆಕೆಂಡ್ ತಡಮಾಡಿದರೆ ಆರು ಸೆಕೆಂಡಿನ ಓಟದಲ್ಲಿ ನೂರಕ್ಕೆ ಮೂರರಷ್ಟು ತಪ್ಪಾಗುತ್ತದೆ. ಈಗ ಎರಡೂ ಗೂಟಗಳು ಕಾಣುವಂತೆ ಮೊಬೈಲ್ ಇಟ್ಟು, ಸೆಕೆಂಡಿಗೆ 60 ಚಿತ್ರಗಳ ವಿಡಿಯೊ ತೆಗೆದು, ಚಿತ್ರಗಳನ್ನು ಎಣಿಸುತ್ತೇನೆ.

ಮೊದಲ ಗೂಟ ದಾಟುವ ಹೊತ್ತಿಗೆ ಗಾಡಿ ತನ್ನ ಸ್ಥಿರ ವೇಗಕ್ಕೆ ಬಂದಿರಬೇಕು. ಏರಿನಲ್ಲಿ ವೇಗ ಹೆಚ್ಚಲೂ ಬಾರದು, ಕುಗ್ಗಲೂ ಬಾರದು. ಅದನ್ನು ಸಾಧಿಸುವ ಕೈಚಳಕ ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನೆನಪಿನಲ್ಲಿರುವ ಸರಾಸರಿ ಅಂಕಿಗಳು ಇವು. ಎರಡನೇ ಗೇರ್‌ನಲ್ಲಿ 420ಕ್ಕೆ ಸುಮಾರು 9.6 ಸೆಕೆಂಡ್, ಅಂದರೆ ಚಕ್ರದಲ್ಲಿ ಇಪ್ಪತ್ತು ಹಾರ್ಸ್‌ಪವರ್. ಮೂರನೇ ಗೇರ್ ಹಾಕಿದರೆ ಎಂಜಿನ್ ಏದುಸಿರು ಬಿಟ್ಟು 12 ಸೆಕೆಂಡ್ ತೆಗೆದುಕೊಂಡಿತು. 570ಕ್ಕೆ 6.4 ಸೆಕೆಂಡ್, ಮೂವತ್ತೂವರೆ. 700ಕ್ಕೆ 5.5 ಸೆಕೆಂಡ್, ಮೂವತ್ತೈದೂವರೆ. 570ರ ಮೇಲೆ ಇನ್ನೂ 50 ಕೆಜಿ ಮರಳು ಹೇರಿ ಎಳೆತವನ್ನು 260ಕ್ಕೆ ಏರಿಸಿದೆ, ಸಮಯ 6.8 ಆಯಿತು, ಹಾರ್ಸ್‌ಪವರ್ ಅಲ್ಲೇ ನಿಂತಿತು. ವಿಧಾನ ಸರಿಯಿದೆ ಎಂದು ನನಗೆ ಖಾತ್ರಿಯಾದದ್ದು ಆಗ. ಮುಂದೆ ಗೆಳೆಯರೊಬ್ಬರು ತಮ್ಮ 570 ಅನ್ನು ದುಡ್ಡು ಕೊಟ್ಟು ಡೈನೊ ಮೇಲೆ ಹತ್ತಿಸಿದರು. ಬಂದದ್ದು 32.

ಗಮನಿಸಬೇಕಾದ ವಿಷಯವೊಂದಿದೆ. 420ರಿಂದ 570ಕ್ಕೆ ಹೋದಾಗ ಸಿಸಿ ಮೂರನೇ ಒಂದು ಭಾಗ ಮಾತ್ರ ಹೆಚ್ಚುತ್ತದೆ, ಆದರೆ ಚಕ್ರದ ಕಸುವು ಒಂದೂವರೆ ಪಟ್ಟಾಗುತ್ತದೆ. 570ರಿಂದ 700ಕ್ಕೆ ಹೋದಾಗ ಸಿಗುವುದು ಅಷ್ಟಿಲ್ಲ. ಎಂಜಿನ್ ಎಷ್ಟು ಆರ್‌ಪಿಎಂವರೆಗೆ ಉಸಿರಾಡಬಲ್ಲದು ಎಂಬುದೇ ಇದಕ್ಕೆ ಕಾರಣ. ಪುಶ್‌ರಾಡ್ (ಕವಾಟ ತೆರೆಯಲು ಕೆಳಗಿನಿಂದ ತಳ್ಳುವ ಕಡ್ಡಿ) ಇರುವ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲಿ ಗಟ್ಟಿಯಾಗಿ ದುಡಿದು ಬೇಗ ಸಾಕೆನ್ನುತ್ತದೆ. ಸಿಲಿಂಡರ್ ತಲೆಯಲ್ಲೇ ಎರಡು ಕ್ಯಾಮ್ (ಕವಾಟ ತೆರೆಯುವ ಉಬ್ಬುಗಳ ದಂಡ) ಇರುವುದು ಮೇಲಕ್ಕೆ ಓಡುತ್ತಲೇ ಇರುತ್ತದೆ. ಬೆಲ್ಟ್ ಕೂಡ ತನ್ನ ಪಾಲನ್ನು ತಿನ್ನುತ್ತದೆ. 420ರಂಥ ಗೇರ್ ಗಾಡಿಯಲ್ಲಿ ಆ ನಷ್ಟ ಕಡಿಮೆ.

ನಿಜವಾಗಿ ಬೆರಗು ಹುಟ್ಟಿಸಿದ್ದು ಬೇರೆ ಪ್ರಯೋಗ. ಮೂರೂ ಗಾಡಿಗಳನ್ನು ಒಂದೊಂದಾಗಿ ಸಮತಟ್ಟು ನೆಲದಲ್ಲಿ ಕಂಬಕ್ಕೆ ಬಿಗಿದು, ನಡುವೆ ಅದೇ ತೂಕದ ಯಂತ್ರವಿಟ್ಟು, ನಾಲ್ಕೂ ಚಕ್ರ ತಿರುಗುವಂತೆ ಎಳೆಸಿದೆ. ಮೂರೂ 255 ಕೆಜಿಯ ಆಸುಪಾಸಿನಲ್ಲಿ ಚಕ್ರ ಜಾರಿಸಿದವು. 420 ಒಂದಿಷ್ಟೂ ಹಿಂದೆ ಬೀಳಲಿಲ್ಲ! ಮರಳು ಇಳಿಸಿದಾಗ ಮಾತ್ರ ಅದು 200ಕ್ಕೆ ಕುಸಿಯಿತು. ಟೈರಿನ ಗಾಳಿಯನ್ನು 5 ಪಿಎಸ್‌ಐಯಿಂದ ಮೂರೂವರೆಗೆ ಇಳಿಸಿದರೆ ಮತ್ತೆ ಹತ್ತಿಪ್ಪತ್ತು ಕೆಜಿ ಏರಿತು. ಎಳೆತವನ್ನು ಕೊಡುವುದು ತೂಕ ಮತ್ತು ಟೈರು. ಆ ಎಳೆತ ಎಷ್ಟು ವೇಗದಲ್ಲಿ ಏರು ಹತ್ತುತ್ತದೆ ಎಂಬುದನ್ನು ಎಂಜಿನ್ನಿನ ಕಸುವು ತೀರ್ಮಾನಿಸುತ್ತದೆ. ದಿಮ್ಮಿ ಅಲುಗಲಿಲ್ಲ ಎಂದು ದೊಡ್ಡ ಎಂಜಿನ್ ಕೊಳ್ಳುವವರು ಮೊದಲು ಎರಡು ಚೀಲ ಮರಳು ಹೇರಿ ನೋಡಲಿ.

ಸಮತಟ್ಟಿನ ಗರಿಷ್ಠ ವೇಗದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 420 ಗಂಟೆಗೆ ಸುಮಾರು 85 ಕಿಲೋಮೀಟರ್, 570 ನೂರರ ಹತ್ತಿರ, 700 ನೂರೈದನ್ನು ಸ್ವಲ್ಪ ದಾಟಿತು. ಕಸುವು ಮುಕ್ಕಾಲು ಪಟ್ಟು ಹೆಚ್ಚಿದರೂ ವೇಗ ಕಾಲು ಪಟ್ಟು ಮಾತ್ರ ಹೆಚ್ಚಿತು. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಎಂಟು ಪಟ್ಟು ಕಸುವು ಬೇಕು, ಅದರ ಮುಂದೆ ಸಿಸಿಯ ಆಟ ನಡೆಯುವುದಿಲ್ಲ.

ಚಪಲಕ್ಕೆ 570ರ 25 ಇಂಚಿನ ಟೈರ್ ತೆಗೆದು 27 ಇಂಚಿನದ್ದು ಹಾಕಿ ನೋಡಿದೆ. ಏರಿನಲ್ಲಿ 0.3 ಸೆಕೆಂಡ್ ಕಳೆದುಕೊಂಡೆ, ಬೆಲ್ಟ್ ಡಬ್ಬಿ ಕೈ ಇಡಲಾಗದಷ್ಟು ಕಾಯಿತು, ಸ್ಪೀಡೊಮೀಟರ್ ನಿಜಕ್ಕಿಂತ ಕಡಿಮೆ ತೋರಿಸತೊಡಗಿತು. ಎಂಜಿನ್ ಕಡೆಯ ಕ್ಲಚ್ಚಿನೊಳಗಿನ ತೂಕದ ತುಂಡುಗಳನ್ನು ಬದಲಿಸಿ ಆ 0.3 ಅನ್ನು ಮರಳಿ ಪಡೆದೆ. ಎಷ್ಟು ಗ್ರಾಂ ಎಂಬುದು ನನ್ನಲ್ಲೇ ಇರಲಿ.

ಇಷ್ಟಾದ ಮೇಲೆ ಸಾವಿರ ಸಿಸಿ ಗಾಡಿಗೆಂದು ಕೂಡಿಟ್ಟಿದ್ದ ಹಣವನ್ನು ಮುಟ್ಟಲಿಲ್ಲ. 570 ಉಳಿಸಿಕೊಂಡೆ, ಒಳ್ಳೆಯ ಟೈರ್ ಹಾಕಿದೆ. 420 ಅನ್ನೂ ಮಾರಲಿಲ್ಲ. ಒಂದು ಸರದಿಗೆ ಅದು ಕುಡಿಯುವ ಪೆಟ್ರೋಲ್ 700ಕ್ಕಿಂತ ಕಾಲು ಭಾಗ ಕಡಿಮೆ. ಹೋದ ತಿಂಗಳು ಆ ಹಿರಿಯ ಮೆಕ್ಯಾನಿಕ್ ತಮ್ಮದೇ 700 ಹತ್ತಿ ಬಂದರು. ದಿಮ್ಮಿ ಕಟ್ಟಿದೆವು, ಮೂರು ಸಲ ಓಡಿಸಿದೆವು. 5.9 ಸೆಕೆಂಡ್ ಬಂತು, ಆ ವರ್ಗಕ್ಕೆ ಎರಡೂವರೆ ಹಾರ್ಸ್‌ಪವರ್ ಕಡಿಮೆ. ಅವರು ಮಾತನಾಡದೆ ಬೆಲ್ಟ್ ಡಬ್ಬಿಯ ಮುಚ್ಚಳ ಬಿಚ್ಚಿದರು. ಬೆಲ್ಟಿನ ಒಂದು ಬದಿ ಜಾರಿ ಕಾದು ಗಾಜಿನಂತೆ ಹೊಳೆಯುತ್ತಿತ್ತು.